ಗಾಡಿ ನಿಂತ ಮೇಲೆ ಹಾದಿ ಯಾರದು?

ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳ ಶಾಲೆಯಲ್ಲಿ ಅಕ್ಷರ ಕಲಿತವರಿಗೆ ಒಂದು ಸದ್ದು ಮರೆಯುವುದಿಲ್ಲ. ಬೇವಿನ ಗಿಡದ ಟೊಂಗೆಗೋ ಪಡಸಾಲೆಯ ತೊಲೆಗೋ ಸರಪಳಿ ಹಾಕಿ ತೂಗುಬಿಟ್ಟ, ಮೊಳದುದ್ದದ ದಪ್ಪನೆಯ ಕಬ್ಬಿಣದ ತುಂಡು. ಬೆಳಿಗ್ಗೆ ಅದರ ಮೇಲೆ ಸುತ್ತಿಗೆಯ ಏಟು ಬಿದ್ದರೆ ಪ್ರಾರ್ಥನೆ. ಸಂಜೆ ಏಟಿನ ಮೇಲೆ ಏಟು ಬಿದ್ದರೆ ಮನೆಯ ಕಡೆ ಓಟ. ಆ ತುಂಡು ರೈಲು ಹಳಿಯದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಮೂರೂ ಊರುಗಳಿಗೆ ಇಂದಿಗೂ ರೈಲು ಬಂದಿಲ್ಲ. ಆದರೆ ಹಳಿಯ ಸದ್ದು ಮಾತ್ರ ಅಲ್ಲಿಯ ಮಕ್ಕಳ ಕಿವಿಗೆ ತಲೆಮಾರುಗಳಿಂದ ಬೀಳುತ್ತ ಬಂದಿದೆ.

ಸವೆದ ಹಳಿ ಹರಾಜಿಗೆ ಹೋಗುತ್ತದೆ. ಶಾಲೆಯ ಗಂಟೆಯಾಗುತ್ತದೆ, ಮಾಳಿಗೆಗೆ ತೊಲೆಯಾಗುತ್ತದೆ, ಹೊಲದ ಬೇಲಿಗೆ ಕಂಬವಾಗುತ್ತದೆ. ಕಟ್ಟಿಗೆಯ ಸ್ಲೀಪರುಗಳು ಬಾಗಿಲು ಚೌಕಟ್ಟಾಗುತ್ತವೆ. ಕಬ್ಬಿಣಕ್ಕೂ ಕಟ್ಟಿಗೆಗೂ ಹೀಗೆ ಮರುಜನ್ಮ ಉಂಟು. ಹಳಿ ಹಾಸಿದ್ದ ನೆಲದ ಗತಿ ಏನು? ಹತ್ತಾರು ಮಾರು ಅಗಲ, ಹತ್ತಾರು ಮೈಲಿ ಉದ್ದದ ಆ ಪಟ್ಟಿ ಗಾಡಿ ನಿಂತ ಮೇಲೆ ಯಾರದು? ಕೇಳಲು ಸಣ್ಣದೆನಿಸುವ ಈ ಪ್ರಶ್ನೆಗೆ ಜಗತ್ತಿನ ಹಲವು ನಗರಗಳು ಕಳೆದ ಮೂವತ್ತು-ನಲವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. ನಮ್ಮ ದೇಶವೂ ಕೊಟ್ಟಿದೆ. ಆ ಉತ್ತರಗಳನ್ನು ಗದಗಿನಲ್ಲಿ ನಿಂತು ನೋಡಿದರೆ ಹೇಗೆ ಕಾಣುತ್ತವೆ ಎಂಬುದು ಈ ಲೇಖನದ ವಿಷಯ.

ಮೊದಲು ಗದಗಿನ ಹಳಿಯ ಕಥೆ. 1876ರಿಂದ 78ರವರೆಗೆ ದಖ್ಖನ್ನಿನಲ್ಲಿ ಭೀಕರ ಬರ ಬಿತ್ತು. ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದುದು ಇದನ್ನೇ. ಒಂದು ಕಡೆ ಕಾಳು ಇದ್ದರೂ ಅದನ್ನು ಇನ್ನೊಂದು ಕಡೆಗೆ ಸಾಗಿಸುವ ದಾರಿ ಇರಲಿಲ್ಲ. ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಬರದ ಈ ಪಾಠದ ಬೆನ್ನಿಗೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರ ನೆಪವಾದರೆ ಅರಳೆ ಆಸೆಯಾಗಿತ್ತು ಎಂದರೆ ತಪ್ಪಾಗಲಾರದು. ಗದಗ-ಬೆಟಗೇರಿ ಆಗಲೇ ಹೆಸರಾಂತ ಹತ್ತಿಯ ಪೇಟೆ. ಅಲ್ಲಿಯವರೆಗೆ ಈ ಸೀಮೆಯ ಅರಳೆ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಹೊಲ ಧಾರವಾಡ ಸೀಮೆಯದಾದರೂ ವಿಲಾಯತಿಯ ವ್ಯಾಪಾರಸ್ಥರ ಬಾಯಲ್ಲಿ ಅದು ‘ಕುಮಟಾ ಹತ್ತಿ’ ಆದದ್ದು ಅದೇ ಕಾರಣಕ್ಕೆ. 1884ರಲ್ಲಿ ಸೊಲ್ಲಾಪುರದ ಬಳಿಯ ಹೋಟಗಿಯಿಂದ ಹಳಿ ಗದಗಿಗೆ ಬಂತು. ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಹುಬ್ಬಳ್ಳಿ ಕೂಡಿಕೊಂಡು ಗದಗ ಜಂಕ್ಷನ್ ಆಯಿತು.

ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಅವುಗಳಿಗೂ, ಬ್ರಿಟಿಷರ ಆಳ್ವಿಕೆಯಲ್ಲೇ ಇದ್ದ ಮುಂಡರಗಿಗೂ ಹಳಿಯ ಭಾಗ್ಯ ಒದಗಲಿಲ್ಲ. ಲಕ್ಷ್ಮೇಶ್ವರದವರು ಗುಡಗೇರಿಗೋ ಯಲವಿಗಿಗೋ ಹೋಗಿ ಗಾಡಿ ಹಿಡಿಯಬೇಕಾಯಿತು.

ಗದಗಿಗೆ ಬಂದದ್ದು ಮೀಟರ್ ಗೇಜ್ ಹಳಿ. ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ 1,000 ಮಿಲಿಮೀಟರ್. ಮುಂಬಯಿ, ಮದ್ರಾಸಿನ ದೊಡ್ಡ ಮಾರ್ಗಗಳದು 1,676. ಅಗಲ ಕಡಿಮೆಯಾದರೆ ಖರ್ಚೂ ಕಡಿಮೆ ಎಂಬುದು ಅಂದಿನ ಲೆಕ್ಕ. ಆ ಉಳಿತಾಯದ ಬಡ್ಡಿಯನ್ನು ನಾವು ನೂರು ವರ್ಷ ಕಟ್ಟಿದೆವು ಎನ್ನಬಹುದು. ಗೇಜು ಬದಲಾಗುವಲ್ಲೆಲ್ಲ ಮೂಟೆ ಇಳಿಸಿ ಮೂಟೆ ಏರಿಸುವ ಕೆಲಸ. 1992ರಲ್ಲಿ ಏಕ ಗೇಜ್ ನೀತಿ ಜಾರಿಗೆ ಬಂದ ಮೇಲೆ ಮೊದಲು ಹುಬ್ಬಳ್ಳಿ-ಗದಗ-ಗುಂತಕಲ್ ದಿಕ್ಕು, ಬಹಳ ತಡವಾಗಿ ಸುಮಾರು 300 ಕಿಲೋಮೀಟರ್ ಉದ್ದದ ಸೊಲ್ಲಾಪುರ-ಗದಗ ಮಾರ್ಗ ಅಗಲಗೊಂಡವು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಗೇಜ್ ಪರಿವರ್ತನೆಯಲ್ಲಿ ಹಳೆಯ ಹಾದಿ ಸಾಮಾನ್ಯವಾಗಿ ಪಾಳು ಬೀಳುವುದಿಲ್ಲ. ಅದೇ ಏರಿಯನ್ನು ಅಗಲಿಸಿ ಹೊಸ ಹಳಿ ಹಾಸುತ್ತಾರೆ. ಆದರೆ ವೇಗದ ಗಾಡಿಗೆ ಹಳೆಯ ತಿರುವುಗಳು ಒಗ್ಗುವುದಿಲ್ಲ. ಹಳೆಯ ಸೇತುವೆಗಳು ಭಾರ ತಾಳುವುದಿಲ್ಲ. ಅಂಥಲ್ಲಿ ಪಕ್ಕಕ್ಕೆ ಹೊಸ ಏರಿ, ಹೊಸ ಸೇತುವೆ ಎದ್ದು, ಹಳೆಯದು ಹಾಗೆಯೇ ಉಳಿಯುತ್ತದೆ. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲುಸೇತುವೆಯ ಮೇಲೆ ನೂರಕ್ಕೂ ಹೆಚ್ಚು ವರ್ಷ ರೈಲು ಓಡಿತು. ಬ್ರಾಡ್‌ಗೇಜ್ ಬಂದಾಗ ಪಕ್ಕದಲ್ಲಿ ಹೊಸ ಸೇತುವೆಯಾಗಿ, ಹಳೆಯದು ಪಾರಂಪರಿಕ ಸ್ಮಾರಕವಾಗಿ ನಿಂತಿದೆ. ಜೋಡಿಹಳಿ ಹಾಕುವಾಗಲೂ ಹೀಗೆಯೇ ತುಂಡುಗಳು ಉಳಿಯಬಹುದು. ಹೋಟಗಿ-ಗದಗ ನಡುವೆ 284 ಕಿಲೋಮೀಟರ್ ಜೋಡಿಹಳಿಯ ಯೋಜನೆ ಕೈಗೆತ್ತಿಕೊಂಡದ್ದನ್ನು ಓದುಗರು ಬಲ್ಲರು.

ಇಂಥ ಪಟ್ಟಿಗೆ ಬೆಲೆ ಬರುವುದು ಅದರ ವಿಸ್ತೀರ್ಣದಿಂದಲ್ಲ, ಅದರ ಸಲಗದಿಂದ. ಎಕರೆ ಲೆಕ್ಕದಲ್ಲಿ ಅದು ಅಷ್ಟೇನೂ ದೊಡ್ಡದಲ್ಲ. ಆದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡುವೆ ತುಂಡಾಗದೆ ಹೋಗುವ ಜಾಗ ಈಗ ಯಾವ ಊರಿನಲ್ಲಿ ಸಿಗುತ್ತದೆ? ಹೊಸದಾಗಿ ಮಾಡಹೊರಟರೆ ನೂರಾರು ಜನರ ಹೊಲ, ಹಿತ್ತಲು, ಗೋಡೆ ಕೊಳ್ಳಬೇಕು. ರೈಲ್ವೆಯವರು ನೂರೈವತ್ತು ವರ್ಷದ ಹಿಂದೆ ಆ ಕೆಲಸ ಮಾಡಿ ಮುಗಿಸಿದ್ದಾರೆ. ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ಹಾದಿ ಬಹುಮಟ್ಟಿಗೆ ಸಮತಟ್ಟು. ಮುದುಕರಿಗೂ, ಸೈಕಲ್ಲಿನವರಿಗೂ, ಗಾಲಿಕುರ್ಚಿಯವರಿಗೂ ಸುಲಭ. ನೀರು ನಿಲ್ಲದಂತೆ ಏರಿಯ ಕೆಳಗೆ ಮೋರಿಗಳು ಇರುತ್ತವೆ. ನಡುವೆ ಒಂದು ಕಡೆ ಹತ್ತು ಮಾರು ಮಾರಿದರೆ ಮಾತ್ರ ಎಲ್ಲ ಕೆಟ್ಟಿತು. ಸರಪಳಿಯ ಒಂದು ಕೊಂಡಿ ಕಳಚಿದಂತೆ.

ಎರೆ ನೆಲದವರಿಗೆ ಇನ್ನೂ ಒಂದು ಸಂಗತಿ ಗೊತ್ತಿದೆ. ಮಳೆ ಹಿಡಿದರೆ ಎರೆ ಮಣ್ಣಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವುದರಲ್ಲಿ ಕಾಲಿಗೆ ಕಾಲು ತೂಕದ ಕೆಸರು ಮೆತ್ತಿಕೊಳ್ಳುತ್ತದೆ. ಆಗ ಒಣಗಿದ ದಾರಿ ಎಂದರೆ ರೈಲ್ವೆ ಏರಿಯೊಂದೇ. ಹೊಲಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆದು ಹೋಗುವುದನ್ನು ಈ ಭಾಗದಲ್ಲಿ ಕಾಣದವರಿಲ್ಲ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅದು ಅಪರಾಧ. ಆರು ತಿಂಗಳವರೆಗೆ ಸಜೆಯಾಗಬಹುದು. ಸಜೆಗಿಂತ ದೊಡ್ಡ ಗಂಡಾಂತರ ಬೆನ್ನ ಹಿಂದಿನಿಂದ ಬರುವ ಗಾಡಿ. ವಿದ್ಯುತ್ ಎಂಜಿನ್ನು ಹಳೆಯ ಉಗಿಬಂಡಿಯಂತೆ ದೂರದಿಂದಲೇ ಸದ್ದು ಮಾಡುತ್ತ ಬರುವುದಿಲ್ಲ. ಅಂದಮೇಲೆ ಬಿಟ್ಟುಹೋದ ಏರಿಯನ್ನು ನಡೆಯುವವರಿಗೆ ಬಿಡಿ ಎನ್ನುವುದು ಪೇಟೆಯವರ ವಾಯುವಿಹಾರದ ಷೋಕಿ ಮಾತ್ರವೆಂದು ತಿಳಿಯಬೇಕಾಗಿಲ್ಲ.

ಈ ದಿಕ್ಕಿನಲ್ಲಿ ನಗರವೊಂದು ಮೊದಲು ದೊಡ್ಡದಾಗಿ ಯೋಚಿಸಿದ್ದು ಪ್ಯಾರಿಸ್. ಬಾಸ್ತಿಲ್ ಚೌಕದಿಂದ ವ್ಯಾನ್‌ಸೆನ್ ಕಡೆಗೆ 1859ರಿಂದ ಓಡುತ್ತಿದ್ದ ರೈಲು 1969ರಲ್ಲಿ ನಿಂತಿತು. ನಿಲ್ದಾಣ ಇದ್ದ ಜಾಗದಲ್ಲಿ ಈಗ ಒಪೆರಾ ಮಂದಿರವಿದೆ. ಇಟ್ಟಿಗೆಯ ಕಮಾನುಗಳ ಮೇಲೆ ಹೋಗುತ್ತಿದ್ದ ಹಳಿಯ ಹಾದಿಯನ್ನು ಮಾತ್ರ ಕೆಡವದೆ, ಅದರ ನೆತ್ತಿಯ ಮೇಲೆ ಗಿಡ-ಬಳ್ಳಿ ಹಬ್ಬಿಸಿ 1993ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಉದ್ದ ಸುಮಾರು 4.7 ಕಿಲೋಮೀಟರ್. ಕಮಾನುಗಳ ಕೆಳಗೆ ಕುಶಲಕರ್ಮಿಗಳ ಅಂಗಡಿಗಳು.

ನ್ಯೂಯಾರ್ಕಿನ ‘ಹೈ ಲೈನ್’ ಇದನ್ನು ಕಂಡು ಆದದ್ದು. 1934ರಿಂದ ಮಾಂಸ, ಹಾಲು, ಹಿಟ್ಟು ಹೊರುತ್ತಿದ್ದ ಈ ಎತ್ತರದ ಹಳಿಯ ಮೇಲೆ 1980ರಲ್ಲಿ ಕೊನೆಯ ಗಾಡಿ ಹೋಯಿತು. ಆಮೇಲೆ ಇಪ್ಪತ್ತು ವರ್ಷ ಗಾಳಿ ತಂದ ಬೀಜ ತಾನಾಗಿ ಮೊಳೆತು ಹಳಿಗಳ ನಡುವೆ ಹುಲ್ಲುಗಾವಲೇ ಆಯಿತು. ಕೆಡವಬೇಕೆಂದು ಜಾಗದ ಮಾಲೀಕರು ಹಟ ಹಿಡಿದಿದ್ದಾಗ, 1999ರಲ್ಲಿ ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್ ಎಂಬ ಆ ಓಣಿಯ ಇಬ್ಬರು ನಿವಾಸಿಗಳು ಸಂಘ ಕಟ್ಟಿದರು. 2009ರಲ್ಲಿ ಮೊದಲ ಭಾಗ ತೆರೆಯಿತು. ಈಗ ಅದು ಜಗತ್ಪ್ರಸಿದ್ಧ. ಆದರೆ ತೋಟದ ಅಕ್ಕಪಕ್ಕದ ಮನೆಗಳ ಬೆಲೆ ಗಗನಕ್ಕೇರಿ, ಯಾರ ಓಣಿಯೆಂದು ಆ ತೋಟ ಎದ್ದಿತೋ ಅವರಲ್ಲಿ ಬಾಡಿಗೆಯವರು ಅಲ್ಲಿ ಇರಲಾಗದಂತಾಯಿತು. ನೆರೆಹೊರೆಯ ಬಡವರಿಗೆ ಅದು ಸಲ್ಲಬೇಕಾದಷ್ಟು ಸಲ್ಲಲಿಲ್ಲವೆಂದು ಹ್ಯಾಮಂಡ್ ತಾವೇ ಮುಂದೆ ಒಪ್ಪಿಕೊಂಡರು. ಹೈ ಲೈನಿನ ಚಿತ್ರ ತೋರಿಸಿ ನಮ್ಮ ಊರಿಗೂ ಇಂಥದ್ದು ಬೇಕೆನ್ನುವವರು ಈ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ನನಗೆ ಕೇಳಿದರೆ ನಮಗೆ ಹತ್ತಿರವಾಗುವ ಉದಾಹರಣೆ ಸಿಂಗಪುರದ್ದು. ಅಲ್ಲಿಯದೂ ಗದಗಿನ ಹಾಗೆ ಮೀಟರ್ ಗೇಜ್ ಹಳಿ, ಬ್ರಿಟಿಷರ ಕಾಲದ್ದೇ. 1903ರಲ್ಲಿ ಮೊದಲ ರೈಲು, 1932ರಲ್ಲಿ ತಂಜೊಂಗ್ ಪಗಾರ್ ಎಂಬಲ್ಲಿ ದೊಡ್ಡ ನಿಲ್ದಾಣ. ಸಿಂಗಪುರ ಮಲೇಷಿಯಾದಿಂದ ಬೇರೆಯಾದ ಮೇಲೂ ಹಳಿ ಮತ್ತು ಅದರ ಕೆಳಗಿನ ನೆಲ ಮಲೇಷಿಯಾದ ರೈಲ್ವೆಯ ಕೈಯಲ್ಲೇ ಉಳಿಯಿತು. ಸಿಂಗಪುರದಂಥ ಅಂಗೈಯಗಲದ ದೇಶದ ಹೊಟ್ಟೆಯೊಳಗೆ ಪರದೇಶದ ಒಂದು ಪಟ್ಟಿ! 1990ರಲ್ಲಿ ಒಪ್ಪಂದವಾಯಿತು, ಅದರ ಅರ್ಥವೇನೆಂದು ಇಪ್ಪತ್ತು ವರ್ಷ ವಾದವಾಯಿತು, 2010ರಲ್ಲಿ ಬಗೆಹರಿಯಿತು. 2011ರ ಜೂನ್ 30ರ ರಾತ್ರಿ ಕೊನೆಯ ಗಾಡಿ ಹೊರಟಾಗ ಅದನ್ನು ನಡೆಸಿದವರು ಜೋಹೋರಿನ ಸುಲ್ತಾನರು. ವಿದಾಯ ಹೇಳಲು ಜನ ಹಳಿಯ ಇಕ್ಕೆಲಗಳಲ್ಲೂ ನೆರೆದಿದ್ದರು.

ಭೂಮಿಗೆ ಬಂಗಾರದ ಬೆಲೆ ಇರುವ ಆ ಊರಿನಲ್ಲಿ 24 ಕಿಲೋಮೀಟರ್ ಉದ್ದದ ಪಟ್ಟಿ ಕೈಗೆ ಬಂದರೆ ಸರಕಾರ ಏನು ಮಾಡಬಹುದು? ತುಂಡು ಮಾಡಿ ಮಾರಬಹುದು. ಆದರೆ ಒಪ್ಪಂದ ಬಗೆಹರಿದ ಕೆಲವೇ ತಿಂಗಳಲ್ಲಿ, ಗಾಡಿ ಇನ್ನೂ ಓಡುತ್ತಿರುವಾಗಲೇ, ಅಲ್ಲಿಯ ನಿಸರ್ಗ ಸಂಘದವರು ಇಡೀ ಹಾದಿಯನ್ನು ತುಂಡರಿಸದೆ ಹಸಿರು ಹಾದಿಯಾಗಿ ಉಳಿಸಿ ಎಂದು ವಿವರವಾದ ಪ್ರಸ್ತಾವ ಬರೆದು ಕೊಟ್ಟಿದ್ದರು. ಕೆಲಸ ಮಾಡಿದ್ದು ಈ ಸಮಯಪ್ರಜ್ಞೆ. ಜಾಗ ಖಾಲಿಯಾದ ಮೇಲೆ ಕೇಳಿದ್ದರೆ ಅಷ್ಟರಲ್ಲಿ ಹತ್ತು ಇಲಾಖೆಗಳ ಹತ್ತು ನಕ್ಷೆಗಳು ಸಿದ್ಧವಾಗಿರುತ್ತಿದ್ದವು. ಸರಕಾರ ಒಪ್ಪಿತು. ಹಳಿಗಳು ಮಲೇಷಿಯಾಕ್ಕೆ ಹೋದವು. ಬುಕಿತ್ ತಿಮಾದ ಉಕ್ಕಿನ ಸೇತುವೆಗಳೂ ಚಿಕ್ಕ ಇಟ್ಟಿಗೆ ನಿಲ್ದಾಣವೂ ಉಳಿದವು. ಮೊದಮೊದಲು ಅಲ್ಲಿ ಇದ್ದದ್ದು ಹುಲ್ಲು ಮತ್ತು ಮಣ್ಣಿನ ಕಾಲುದಾರಿ ಮಾತ್ರ. ಜನ ಅದರಲ್ಲಿ ನಡೆಯುತ್ತ ನಡೆಯುತ್ತಲೇ ಅವರಿಗೆ ಏನು ಬೇಕೆಂಬುದು ತಿಳಿದುಬಂತು. ವಿನ್ಯಾಸದ ಸ್ಪರ್ಧೆ ನಡೆದದ್ದು 2015ರಲ್ಲಿ. ಮೊದಲು ಬಳಕೆ, ಆಮೇಲೆ ನಕ್ಷೆ. ನಮ್ಮಲ್ಲಿ ಉದ್ಘಾಟನೆಯ ಕಲ್ಲು ಮೊದಲು, ಬಳಕೆಯ ಮಾತು ಕೊನೆಗೆ.

ದಕ್ಷಿಣ ಕೊರಿಯಾದ ಸೋಲ್ ನಗರ ಇನ್ನೊಂದು ಬಗೆ ತೋರಿಸಿತು. ಹಳಿ ನೆಲದಡಿಗೆ ಇಳಿಯಿತು; ಮೇಲಿನ ಜಾಗದ ಒಡೆತನ ರೈಲ್ವೆಯಲ್ಲೇ ಉಳಿಯಿತು; 6.3 ಕಿಲೋಮೀಟರ್ ಉದ್ಯಾನ ಬೆಳೆಸುವ ಖರ್ಚು ನಗರದ್ದಾಯಿತು.

ಇನ್ನು ನಮ್ಮ ದೇಶದ ವಿಷಯಕ್ಕೆ ಬಂದರೆ, ಹೆಚ್ಚಿನ ಕಡೆ ಗೆದ್ದಿರುವುದು ಡಾಂಬರು. ಪಾಟ್ನಾದ ನಡುವೆ ಹಾದುಹೋಗುತ್ತಿದ್ದ ದೀಘಾ ಘಾಟ್ ಹಳಿಯ ಜಾಗದಲ್ಲಿ ‘ಅಟಲ್ ಪಥ’ ಎಂಬ ವೇಗದ ರಸ್ತೆಯಾಗಿ 2021ರ ಜನವರಿಯಲ್ಲಿ ತೆರೆಯಿತು. ರಾಯಪುರದಿಂದ ಧಮತರಿಗೆ ಹೋಗುತ್ತಿದ್ದ ನ್ಯಾರೋ ಗೇಜ್ ಹಳಿಯ ಊರೊಳಗಿನ ಭಾಗವೂ ಎಕ್ಸ್‌ಪ್ರೆಸ್ ರಸ್ತೆಯಾಯಿತು. ಸಂಚಾರ ದಟ್ಟಣೆಯಿಂದ ಬಳಲುವ ನಗರಗಳಿಗೆ ಇದು ಸಹಜ ಆಸೆ. ದೂಷಿಸುವುದು ಸುಲಭ, ಅಲ್ಲಿಯವರ ಜಾಗದಲ್ಲಿ ನಿಂತರೆ ಕಷ್ಟ. ಆದರೂ ಹೋಲಿಸಿ ನೋಡಲು ಜಬಲ್ಪುರವಿದೆ. ಅಲ್ಲಿ 2015ರಲ್ಲಿ ನ್ಯಾರೋ ಗೇಜ್ ಗಾಡಿ ನಿಂತ ಮೇಲೆ ಊರೊಳಗಿನ ಹಳಿಯ ಜಾಗದ ಒಂದು ಭಾಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಹಾದಿ ಮಾಡಿದರು. ಭಾರತದಲ್ಲಿ ಇಂಥದ್ದು ಸಾಧ್ಯವೇ ಇಲ್ಲ ಎನ್ನುವವರಿಗೆ ಅದು ಉತ್ತರ.

ರೈಲ್ವೆಯ ಕಡೆಯಿಂದಲೂ ಒಂದು ಮಾತು ಕೇಳಬೇಕು. ಕೆಲಸಕ್ಕೆ ಬಾರದ ಜಮೀನಿನಿಂದ ಆದಾಯ ತರಬೇಕೆಂದೇ 2005ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿ ರೈಲ್ವೆ ಭೂ ಅಭಿವೃದ್ಧಿ ಪ್ರಾಧಿಕಾರ ರಚಿಸಿದ್ದಾರೆ. ಅದರ ಕಣ್ಣಿಗೆ ಖಾಲಿ ಪಟ್ಟಿಯೆಂದರೆ ಮಳಿಗೆ, ವಸತಿ ಸಂಕೀರ್ಣ. ನಗರಸಭೆಯೋ ರಾಜ್ಯ ಸರಕಾರವೋ ಬೆಲೆ ಕೊಟ್ಟು ಕೊಳ್ಳದೆ ಜಾಗ ಬಿಟ್ಟುಕೊಡಿ ಎಂದರೆ ಅಧಿಕಾರಿಗಳು ಒಪ್ಪುವುದು ಕಷ್ಟ. ಜೊತೆಗೆ ಇನ್ನೊಂದು ನ್ಯಾಯವಾದ ಅಂಜಿಕೆಯಿದೆ: ನಾಳೆ ನಮಗೇ ಹಳಿ ಬೇಕಾದರೆ?

ಆ ಅಂಜಿಕೆಗೆ ಅಮೆರಿಕದವರು 1983ರಲ್ಲೇ ಕಾನೂನಿನ ಮೂಲಕ ದಾರಿ ಹುಡುಕಿದರು. ‘ರೈಲ್ ಬ್ಯಾಂಕಿಂಗ್’ ಎಂದು ಅದರ ಹೆಸರು. ನಿಂತ ಮಾರ್ಗವನ್ನು ರದ್ದಾಯಿತೆಂದು ಘೋಷಿಸದೆ, ಮುಂದೆ ಬೇಕಾದರೆ ಮತ್ತೆ ಹಳಿ ಹಾಕುವ ಹಕ್ಕು ಉಳಿಸಿಕೊಂಡು, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಲು ಕೊಡುವುದು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಇದು ಹೊಲ ಲಾವಣಿಗೆ ಹಾಕಿದಂತೆ. ಉಳುವವನು ಬೇರೆ, ಉತಾರದಲ್ಲಿ ಹೆಸರು ಬದಲಾಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಇದು ಒಮ್ಮೆ, ಯಾವ ಕಾನೂನೂ ಇಲ್ಲದೆ, ತನ್ನಷ್ಟಕ್ಕೆ ತಾನು ನಡೆದುಹೋಯಿತು. 1979ರಲ್ಲಿ ಆರಂಭವಾದ ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಗಾಡಿ ನಿಂತದ್ದೇ ತಡ, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ-ಹುಡುಗಿಯರು ಹಳಿಯ ಮೇಲೆ ನಡೆಯತೊಡಗಿದರು. ಬ್ಯಾಟರಿ ಹಿಡಿದು ಸುರಂಗ ದಾಟುವುದು, ಎಡಕುಮೇರಿಯ ನಿರ್ಜನ ನಿಲ್ದಾಣದಲ್ಲಿ ರಾತ್ರಿ ಕಳೆಯುವುದು. ‘ಹಸಿರು ಹಾದಿ’ ಎಂಬ ಹೆಸರು ಬಂದದ್ದು ಆ ದಿನಗಳಲ್ಲಿ. 2006ರಲ್ಲಿ ಸರಕು ಗಾಡಿ, 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಬಂದವು. ಚಾರಣ ನಿಷಿದ್ಧವಾಯಿತು, ಆಗಲೇಬೇಕಿತ್ತು. ಹತ್ತು ವರ್ಷ ಜನ ನಡೆದದ್ದರಿಂದ ಹಳಿಗೇನೂ ಕೊರತೆಯಾಗಲಿಲ್ಲ ಎಂಬುದು ನಮಗೆ ಬೇಕಾದ ಅಂಶ.

ಈ ಅಂಶ ಗದಗ ಜಿಲ್ಲೆಗೆ ಯಾಕೆ ಮುಖ್ಯವೆಂದರೆ, ಇಲ್ಲಿ ಹಳಿ ಹೋದ ದುಃಖಕ್ಕಿಂತ ಹಳಿ ಬಾರದ ದುಃಖ ದೊಡ್ಡದು. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಮಾರ್ಗ ಬೇಕೆಂಬುದು ಹಳೆಯ ಬೇಡಿಕೆ. ಮುಂಡರಗಿಯ ಮೇಲೆ ಹರಪನಹಳ್ಳಿಗೆ ಬೇಕೆಂಬುದೂ ಹಾಗೆಯೇ. ಲಕ್ಷ್ಮೇಶ್ವರದ ಹಿರಿಯರೊಬ್ಬರ ಮುಂದೆ ಹಳಿಯ ಮೇಲೆ ತೋಟ ಮಾಡುವ ಮಾತು ತೆಗೆದರೆ, ‘ತಮ್ಮಾ, ಮೊದಲ ಹಳಿ ಹಾಕ್ಸು, ಆಮ್ಯಾಲೆ ತ್ವಾಟದ ಮಾತು’ ಎಂದಾರು. ಅವರ ಮಾತು ಸರಿಯೇ. ಅದಕ್ಕೇ ಮುಂದೆ ಗಾಡಿ ಬರುವ ಬಾಗಿಲು ಮುಚ್ಚದ ಹಾದಿ ನಮಗೆ ಬೇಕಾದದ್ದು.

ಹಾದಿ ಆಯಿತೆನ್ನೋಣ, ಹಸಿರು? ಗದಗಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ತುಂಗಭದ್ರೆಯ ನೀರಿಗಾಗಿ ಕೊಡ ಹಿಡಿದು ದಿನಗಟ್ಟಲೆ ಕಾದ ಊರಿದು. ಇಲ್ಲಿ ನೀರು ಕುಡಿಯುವ ಹುಲ್ಲುಹಾಸು ಬೆಳೆಸುವುದು ಅಪರಾಧಕ್ಕೆ ಸಮ. ಬೇವು, ಹೊಂಗೆ, ಹುಣಸೆ, ಬನ್ನಿ, ಕಕ್ಕೆ, ಬಾರಿ: ಇವು ಕೇಳುವುದು ಮೊದಲ ಎರಡು-ಮೂರು ಬೇಸಿಗೆಯ ಆರೈಕೆ ಮಾತ್ರ. (ಬೆಂಗಳೂರಿನವರು ಮರ ಎನ್ನುವುದಕ್ಕೂ ನಮ್ಮಲ್ಲಿ ಗಿಡವೆಂದೇ ಅನ್ನುತ್ತಾರೆ, ಇಲ್ಲಿ ಗಿಡವೆಂದಾಗ ಹಾಗೆಂದೇ ತಿಳಿಯುವುದು.) ಬೀಜಕ್ಕಾಗಿ ದೂರ ಹೋಗಬೇಕಾಗಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ನಡುವೆ ಕಪ್ಪತಗುಡ್ಡವಿದೆ. ಅದರ ಗಿಡಮೂಲಿಕೆಗಳ ಖ್ಯಾತಿ ಹೊಸದೇನಲ್ಲ. ಜನರ ಹೋರಾಟದ ಬಳಿಕ 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕಾಡಿನಿಂದ ಕಿತ್ತು ತರಬಾರದು; ಅಲ್ಲಿಯ ಜಾತಿಗಳನ್ನು ನರ್ಸರಿಯಲ್ಲಿ ಬೆಳೆಸಿ ಊರೊಳಗಿನ ಏರಿಗೆ ತರಬಹುದು. ಹಳಿಯ ನೆಲದಲ್ಲಿ ನೆಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ. ಎಂಜಿನ್ನಿನ ಎಣ್ಣೆ, ಕಳೆನಾಶಕ, ಕಟ್ಟಿಗೆಯ ಸ್ಲೀಪರಿಗೆ ಬಳಿದ ಡಾಂಬರಿನಂಥ ಕ್ರಿಯೋಸೋಟು ಹತ್ತಾರು ವರ್ಷ ಇಳಿದ ಮಣ್ಣದು. ಅಲ್ಲಿ ನೆರಳಿನ ಗಿಡ ಹಾಕಬಹುದು. ಪರೀಕ್ಷೆಯಾಗದೆ ಸೊಪ್ಪು-ತರಕಾರಿ ಬೇಡ.

ನೋಡಿಕೊಳ್ಳುವವರು ಯಾರು ಎಂಬುದು ಕೊನೆಯ, ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಗುತ್ತಿಗೆಗೆ ಕೊಟ್ಟ ಉದ್ಯಾನಗಳ ಬೀಗ ಹಾಕಿದ ಗೇಟುಗಳನ್ನು ಎಲ್ಲ ಊರುಗಳಲ್ಲೂ ಕಂಡಿದ್ದೇವೆ. ಗದಗಿನ ಮಗ್ಗುಲಲ್ಲೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸ ಅಲ್ಲಿಂದ ಎಣಿಕೆಯಾಗುತ್ತದೆ. ಹಳಿಯ ಹಾದಿಯ ಒಂದೊಂದು ಫರ್ಲಾಂಗನ್ನು ಅದರ ಬದಿಯ ಓಣಿಯವರ ಸಂಘಕ್ಕೆ ವಹಿಸಿ, ಬಾರಿ, ಹುಣಸೆ, ಹೊಂಗೆಬೀಜದ ಫಸಲಿನ ಹಕ್ಕನ್ನೂ ಅವರಿಗೇ ಕೊಟ್ಟರೆ ನೀರು ಹಾಕುವ ಕೈಗಳು ಸಿಕ್ಕಾವು. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಸಂಜೆ ಹೊತ್ತು ಮಗ್ಗ ಬಿಟ್ಟು ಹೊರಗೆ ಬಂದವರಿಗೆ ಕಾಲು ಚಾಚಲು ಇರುವ ಜಾಗ ಎಷ್ಟೆಂದು ಒಮ್ಮೆ ಹೋಗಿ ನೋಡಿದವರಿಗೆ ಇದರ ಅಗತ್ಯ ಬೇರೆ ಹೇಳಬೇಕಾಗಿಲ್ಲ.

ಸದ್ಯಕ್ಕೆ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಗದಗಿನ ಸುತ್ತ ಹಳೆಯ ಹಳಿಯ ಯಾವ ತುಂಡು ಎಲ್ಲಿ ಉಳಿದಿದೆ, ಯಾವುದರ ಮೇಲೆ ಈಗಾಗಲೇ ಗುಡಿಸಲು ಎದ್ದಿದೆ, ಯಾವುದು ಜಾಲಿಯಲ್ಲಿ ಮುಚ್ಚಿದೆ ಎಂದು ಗ್ರಾಮನಕ್ಷೆ ಹಿಡಿದು ನಡೆದು ಗುರುತು ಹಾಕುವುದು. ಗುಡಿಸಲು ಇದ್ದಲ್ಲಿ ಅವರನ್ನು ಎಬ್ಬಿಸುವ ಮಾತು ಬೇಡ. ಹಾದಿಯನ್ನೇ ಸ್ವಲ್ಪ ಬಳಸಿ ಒಯ್ದರಾಯಿತು. ಒಂದು ಪ್ರೌಢಶಾಲೆಯ ಭೂಗೋಳದ ಮಾಸ್ತರರು, ಹತ್ತು ಹುಡುಗರು, ನಾಲ್ಕು ರವಿವಾರ. ಮಳೆಗಾಲಕ್ಕೆ ಮುಂಚೆ ಹೊರಟರೆ ಒಳ್ಳೆಯದು. ಜಾಲಿ ಆಗ ಇನ್ನೂ ಒಣಗಿರುತ್ತದೆ, ಏರಿಯ ಕೆಳಗಿನ ಹಳೆಯ ಕಲ್ಲಿನ ಮೋರಿಗಳು ಕಣ್ಣಿಗೆ ಬೀಳುತ್ತವೆ.